ಮಳೆಗೆ ನಿಲ್ಲುವ, ಬಿಸಿಲಿಗೆ ಸೋರುವ ಯೆಜ್ಡಿ

ಕಟಪಾಡಿ ಹತ್ತಿರದ ಒಬ್ಬರು ನಿವೃತ್ತ ಮಾಸ್ಟ್ರ ಯೆಜ್ಡಿ ಬೈಕ್ ಇದು. ಎಪ್ಪತ್ತರ ದಶಕದ್ದು, 250 ಸಿಸಿ ಟೂ ಸ್ಟ್ರೋಕ್, ಮೈಸೂರಿನ ಐಡಿಯಲ್ ಜಾವಾದಲ್ಲಿ ತಯಾರಾದ ಗಾಡಿ. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ಮಾಸ್ಟ್ರು ಮಾತ್ರ ಈಗಲೂ ಉಡುಪಿ ಪೇಟೆಗೆ ಬರುವುದು ಇದರಲ್ಲೇ. ಟ್ಯಾಂಕ್, ಅದರ ಕೆಳಗಿನ ಪೆಟ್ರೋಲ್ ಕಾಕ್ (ಪೆಟ್ರೋಲ್ ಬಿಡುವ, ಬಂದ್ ಮಾಡುವ ನಲ್ಲಿ), ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಜಿಕೋವ್ ಕಾರ್ಬುರೇಟರ್ ಎಲ್ಲ ಗಾಡಿಯ ಜೊತೆ ಬಂದದ್ದೇ. ತೊಂದರೆ ಏನು ಅಂತ ಕೇಳಿದಾಗ ಅವರು ಹೇಳಿದ್ದು ಇಷ್ಟು: "ಬಿಸಿಲಿಗೆ ನಿಲ್ಸಿದ್ರೆ ಪೆಟ್ರೋಲ್ ಸೋರ್ತದೆ ಮಾರಾಯ, ಮಳೆಗೆ ಓಡ್ಸಿದ್ರೆ ಪೆಟ್ರೋಲೇ ಬರುದಿಲ್ಲ."

ಈ ಎರಡು ದೂರುಗಳನ್ನು ಎಲ್ಲರೂ ಬೇರೆ ಬೇರೆ ರೋಗ ಅಂತ ನೋಡಿದ್ದರು. ಅಲ್ಲಿಂದಲೇ ಎಡವಟ್ಟು ಶುರು.

ಮಳೆಗೆ ಗಾಡಿ ನಿಲ್ಲುತ್ತದೆ ಅಂದ ಕೂಡಲೇ ನಮ್ಮ ಕಡೆ ಯಾರಾದರೂ ಮೊದಲು ಅನುಮಾನ ಪಡುವುದು ಕರೆಂಟಿನ ಮೇಲೆ, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಭಾಗಗಳ ಮೇಲೆ. ಅದು ತಪ್ಪೂ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೇ ಗಾಡಿಗಳ ಪ್ಲಗ್ ಕ್ಯಾಪಿಗೆ ನೀರು ಹೋಗಿ ನಿಲ್ಲುವುದು ಉಡುಪಿಯಲ್ಲಿ ದಿನಾ ಕಾಣುವ ವಿಷಯ. ಹಾಗಾಗಿ ಪ್ಲಗ್ ಬದಲಾಯಿತು, ಪ್ಲಗ್ ಕ್ಯಾಪ್ ಬದಲಾಯಿತು, ಎಚ್‌ಟಿ ಕಾಯಿಲ್ ಹೊಸದು ಬಂತು, ಕಂಡೆನ್ಸರ್ ಹಾಕಿಸಿದರು, ಪಾಯಿಂಟ್ ಉಜ್ಜಿಸಿದರು. ಸೋರುವುದಕ್ಕೆ ಇನ್ನೊಂದು ಗ್ಯಾರೇಜು. ಅಲ್ಲಿ ಫ್ಲೋಟ್ ಪಿನ್ (ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ದಾರಿ ಮುಚ್ಚುವ ಪಿನ್) ಬದಲಿಸಿ, ಫ್ಲೋಟ್ ಮಟ್ಟ, ಅಂದರೆ ಒಳಗೆ ಪೆಟ್ರೋಲ್ ನಿಲ್ಲುವ ಎತ್ತರ, ಇಳಿಸಿ ಕೊಟ್ಟರು. ಸ್ವಲ್ಪ ದಿನ ಸೋರುವುದು ಕಡಿಮೆಯಾದ ಹಾಗೆ ಕಂಡಿತು, ಆದರೆ ನಿಲ್ಲುವುದು ಜಾಸ್ತಿಯಾಯಿತು. ಕೊನೆಗೆ ಎಲ್ಲರೂ ಹೇಳಿದ್ದು ಒಂದೇ, ಈ ಹಳೇ ಜಿಕೋವ್ ತೆಗೆದು ಬಿಸಾಡಿ, ಮಿಕುನಿ ನಮೂನೆಯ ಹೊಸ ಕಾರ್ಬುರೇಟರ್ ಹಾಕಿಬಿಡಿ ಅಂತ. ಮಾಸ್ಟ್ರಿಗೆ ಅದು ಮನಸ್ಸಿಲ್ಲ. ನನಗೂ ಅದು ಸರಿ ಕಾಣಲಿಲ್ಲ. ಯಾಕೆ ಕೆಟ್ಟಿದೆ ಅಂತ ಗೊತ್ತಾಗದೆ ಬದಲಿಸಿದರೆ ಹೊಸ ಕಾರ್ಬುರೇಟರ್‌ಗೂ ಅದೇ ಗತಿ.

ನಾನು ಮೊದಲು ಸ್ಪಾನರ್ ಹಿಡಿಯಲಿಲ್ಲ, ಪ್ರಶ್ನೆ ಕೇಳಿದೆ. "ನಿಲ್ತದೆ" ಅಂದರೆ ಸಾಲದು. ಎಷ್ಟು ದೂರ ಹೋದ ಮೇಲೆ? ಆಗ ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿತ್ತು? ಎಷ್ಟು ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ? ನಿಲ್ಲುವಾಗ ತಟ್ಟಂತ ನಿಲ್ಲುತ್ತದಾ, ಇಲ್ಲ ಎಳೆಯುವುದು ಕಡಿಮೆಯಾಗುತ್ತಾ ಬಂದು ನಿಲ್ಲುತ್ತದಾ? ಮಾಸ್ಟ್ರು ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಮನುಷ್ಯ, ನೆನಪು ಚುರುಕು. ಅವರು ಹೇಳಿದ್ದರಲ್ಲಿ ಮೂರು ವಿಷಯ ನನಗೆ ಮುಖ್ಯವಾಗಿ ಕಂಡಿತು. ಅರ್ಧ ಟ್ಯಾಂಕ್ ಇದ್ದರೆ ಗಾಡಿ ಉಡುಪಿ ದಾರಿಯಲ್ಲಿ ಸಿಗುವ ಉದ್ಯಾವರ ದಾಟುತ್ತದೆ, ಫುಲ್ ಟ್ಯಾಂಕ್ ಹಾಕಿಸಿದ ದಿನ ಬಂಕಿನಿಂದ ಹೊರಟು ಎರಡು ಕಿಲೋಮೀಟರ್ ಕೂಡ ಹೋಗುವುದಿಲ್ಲ. (ಅದಕ್ಕೇ ಅವರು ಬಂಕ್ ಬದಲಿಸಿದ್ದರು, ಅಲ್ಲಿಯ ಪೆಟ್ರೋಲ್ ಸರಿ ಇಲ್ಲ ಅಂತ.) ನಿಂತ ಮೇಲೆ ಹತ್ತು ನಿಮಿಷ ಸುಮ್ನೆ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಮತ್ತೆ, ನಿಲ್ಲುವ ಮುಂಚೆ ಎಂಜಿನ್ ಒಂದು ಕ್ಷಣ ಹಗುರಾಗಿ ಕೂಗಿ, ಆಮೇಲೆ ಎಳೆಯುವುದೇ ಇಲ್ಲ.

ಕೊನೆಯದ್ದು ಕರೆಂಟಿನ ಲಕ್ಷಣ ಅಲ್ಲ. ಕಿಡಿ ಹೋದರೆ ಗಾಡಿ ಅಲ್ಲೇ ಸತ್ತುಹೋಗುತ್ತದೆ, ಇಲ್ಲ ಪಟಪಟ ಮಿಸ್ ಹೊಡೆಯುತ್ತದೆ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಜಾಸ್ತಿಯಾದಾಗ ಟೂ ಸ್ಟ್ರೋಕ್ ಎಂಜಿನ್ ಸ್ವಲ್ಪ ಹೊತ್ತು ಮೇಲಕ್ಕೆ ಕೂಗಿ ಆಮೇಲೆ ಸೋಲುತ್ತದೆ. ಇದನ್ನು ಪಕ್ಕಾ ಮಾಡಿಕೊಳ್ಳಲು ಈ ಕಾರ್ಬುರೇಟರ್‌ನಲ್ಲಿ ಒಂದು ಒಳ್ಳೆ ಸೌಕರ್ಯ ಉಂಟು, ಟಿಕ್ಲರ್. ಆ ಸಣ್ಣ ಗುಂಡಿ ಒತ್ತಿದರೆ ಫ್ಲೋಟ್ ಕೆಳಗೆ ಹೋಗಿ ಪೆಟ್ರೋಲ್ ತುಂಬಿ ಹೊರಗೆ ಒಸರಬೇಕು. ಗಾಡಿ ನಿಂತ ಜಾಗದಲ್ಲೇ, ಬೇರೆ ಏನೂ ಮುಟ್ಟದೆ, ಟಿಕ್ಲರ್ ಒತ್ತಿ ನೋಡಿ. ಒಸರಿದರೆ ಫ್ಲೋಟ್ ಇರುವ ಚೇಂಬರ್‌ವರೆಗೆ ಪೆಟ್ರೋಲ್ ಬಂದಿದೆ, ಜೆಟ್ (ಪೆಟ್ರೋಲನ್ನು ಅಳತೆಗೆ ಬಿಡುವ ಸಣ್ಣ ತೂತಿನ ಭಾಗ) ಅಥವಾ ಕಿಡಿಯ ಕಡೆ ಹುಡುಕಿ. ಒಸರದಿದ್ದರೆ ಜೆಟ್ ಬಿಚ್ಚಬೇಡಿ, ಏನೂ ಪ್ರಯೋಜನ ಇಲ್ಲ. ತೊಂದರೆ ಅದಕ್ಕಿಂತ ಮೇಲೆ. ಮಾಸ್ಟ್ರ ಗಾಡಿ ಉದ್ಯಾವರ ಸೇತುವೆ ಹತ್ತಿರ ನಿಂತಾಗ ಟಿಕ್ಲರ್ ಎಷ್ಟು ಒತ್ತಿದರೂ ಬೆರಳು ಒಣಗಿಯೇ ಇತ್ತು. ಪ್ಲಗ್ ಕೂಡ ಒಣ.

ಅಂದರೆ ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಾ ಇದೆ, ಒಂದಡಿ ಕೆಳಗಿನ ಕಾರ್ಬುರೇಟರ್‌ಗೆ ಬರುತ್ತಿಲ್ಲ. ನಡುವೆ ಇರುವುದು ಕಾಕ್, ಅದರ ಜಾಲರಿ, ಒಂದು ಗೇಣು ಪೈಪು. ಇಲ್ಲಿ ಮಾಸ್ಟ್ರು ಒಂದು ಮಾತು ಹೇಳಿದರು: "ಅದನ್ನು ಗ್ಯಾರೇಜಲ್ಲಿ ನೋಡಿದ್ದಾರೆ ಮಾರಾಯ, ಪೈಪ್ ಎಳೆದ್ರೆ ಗಳಗಳ ಬರ್ತದೆ." ಅದು ನಿಜ. ಆದರೆ ನೋಡುವಾಗ ಟ್ಯಾಂಕಿನ ಮುಚ್ಚಳ ಎಲ್ಲಿತ್ತು ಅಂತ ಕೇಳಿದೆ. ಪೆಟ್ರೋಲ್ ಇದೆಯಾ ಅಂತ ನೋಡಲು ತೆಗೆದು ಸೀಟಿನ ಮೇಲೆ ಇಟ್ಟಿದ್ದರಂತೆ.

ಹಾಗಾಗಿ ಪರೀಕ್ಷೆಯನ್ನು ಸರಿಯಾಗಿ ಮಾಡಿದೆವು. ಮಾಸ್ಟ್ರ ಅಂಗಳದಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬೆಂಕಿ ಬೀಡಿ ಯಾವುದೂ ಹತ್ತಿರ ಇಲ್ಲದೆ, ಬ್ಯಾಟರಿ ವಯರ್ ಕಳಚಿ. ಟ್ಯಾಂಕ್ ಫುಲ್, ಯಾಕೆಂದರೆ ಗಾಡಿ ಬೇಗ ನಿಲ್ಲುವುದು ಫುಲ್ ಇದ್ದಾಗ. ಪೈಪನ್ನು ಕಾರ್ಬುರೇಟರ್ ಕಡೆಯಿಂದ ತೆಗೆದು, ತುದಿಯನ್ನು ಅದೇ ಎತ್ತರದಲ್ಲಿ ಹಿಡಿದು, ಅಳತೆ ಗೆರೆ ಇರುವ ಬಾಟಲಿಗೆ ಬಿಡಬೇಕು. ಪೈಪನ್ನು ನೆಲದವರೆಗೆ ಇಳಿಸಿದರೆ ಎತ್ತರ ಜಾಸ್ತಿಯಾಗಿ ಸುಳ್ಳು ಲೆಕ್ಕ ಬರುತ್ತದೆ. ಮುಚ್ಚಳ ತೆಗೆದಿಟ್ಟಾಗ ಅರ್ಧ ಲೀಟರ್ ತುಂಬಲು ಎರಡು ನಿಮಿಷ ಸಾಕಾಯಿತು. ಮುಚ್ಚಳ ಬಿಗಿಯಾಗಿ ಹಾಕಿ ಮತ್ತೆ ಬಿಟ್ಟರೆ, ಮೊದಲು ಅದೇ ಧಾರೆ. ಆಮೇಲೆ ಧಾರೆ ನೂಲಿನಷ್ಟಾಯಿತು. ಆಮೇಲೆ ಹನಿ. ಬಾಟಲಿಯಲ್ಲಿ ಒಂದು ಸಣ್ಣ ಚಹಾ ಲೋಟದಷ್ಟೂ ಬಿದ್ದಿರಲಿಲ್ಲ. ಮುಚ್ಚಳ ತಿರುಗಿಸಿದಾಗ ಉಸ್ ಅಂತ ಗಾಳಿ ಒಳಗೆ ಹೋದದ್ದು ಮಾಸ್ಟ್ರಿಗೂ ಕೇಳಿಸಿತು, ಬಾಟಲಿಗೆ ಧಾರೆ ಮತ್ತೆ ಶುರುವಾಯಿತು.

ತೆಂಗಿನೆಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ, ಎದುರು ಬದಿಗೆ ಇನ್ನೊಂದು ತೂತು ಬೇಕು, ಅಲ್ವಾ? ಪೆಟ್ರೋಲ್ ಟ್ಯಾಂಕಿಗೆ ಆ ಎರಡನೇ ತೂತು ಮುಚ್ಚಳದಲ್ಲಿದೆ. ಈ ಗಾಡಿಗಳಲ್ಲಿ ಪಂಪ್ ಇಲ್ಲ. ಪೆಟ್ರೋಲ್ ತನ್ನ ಭಾರಕ್ಕೇ ಇಳಿಯಬೇಕು, ಆ ಭಾರ ತುಂಬಾ ಕಡಿಮೆ. ಪೆಟ್ರೋಲ್ ಮಟ್ಟ ಕಾರ್ಬುರೇಟರ್‌ಗಿಂತ 20 ಸೆಂಟಿಮೀಟರ್ ಮೇಲಿದ್ದರೆ ಅದು ಹುಟ್ಟಿಸುವ ಒತ್ತಡ ವಾತಾವರಣದ ಒತ್ತಡದ 1.5% ಅಷ್ಟೇ. ಟ್ಯಾಂಕಿನ ಒಳಗಿನ ಒತ್ತಡ ಅಷ್ಟು ಇಳಿದರೆ ಸಾಕು, ಹರಿವು ನಿಂತಿತು.

ಫುಲ್ ಟ್ಯಾಂಕಿನಲ್ಲಿ ಯಾಕೆ ಬೇಗ ನಿಲ್ಲುತ್ತದೆ ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. ಪೆಟ್ರೋಲ್ ಮೇಲೆ ಒಂದೇ ಲೀಟರ್ ಗಾಳಿ ಜಾಗ ಇದ್ದರೆ, ಬರೀ ಗಾಳಿಯ ಲೆಕ್ಕದಲ್ಲಿ 15 ಎಂಎಲ್ ಪೆಟ್ರೋಲ್ ಹೊರಗೆ ಹೋಗುವಷ್ಟರಲ್ಲೇ ಒತ್ತಡ 1.5% ಇಳಿಯುತ್ತದೆ. ಹತ್ತು ಲೀಟರ್ ಗಾಳಿ ಜಾಗ ಇದ್ದರೆ 150 ಎಂಎಲ್ ಹೋಗಬೇಕು. ಪೆಟ್ರೋಲ್ ಆವಿ ಆ ಜಾಗವನ್ನು ಸ್ವಲ್ಪ ತುಂಬಿಕೊಳ್ಳುವುದರಿಂದ, ಚೇಂಬರಿನಲ್ಲಿ ಮೊದಲೇ ಒಂದಿಷ್ಟು ಇರುವುದರಿಂದ, ನಿಜದಲ್ಲಿ ಇನ್ನೂ ಸ್ವಲ್ಪ ದೂರ ಓಡುತ್ತದೆ. ಲೀಟರಿಗೆ 30 ಕಿಲೋಮೀಟರ್ ಕೊಡುವ ಗಾಡಿಗೆ ಕಿಲೋಮೀಟರಿಗೆ 33 ಎಂಎಲ್ ಬೇಕು. ಮಾಸ್ಟ್ರು ಹೇಳಿದ ದೂರಗಳನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿದರೆ ಚೆನ್ನಾಗಿ ಹೊಂದುತ್ತದೆ. ಬಂಕಿನವನ ಮೇಲೆ ಬಂದ ಅನುಮಾನವೂ ಅಲ್ಲಿಗೆ ಮುಗಿಯಿತು. ಹತ್ತು ನಿಮಿಷ ಬಿಟ್ಟರೆ ಸರಿಯಾಗುವುದು ಯಾಕೆಂದರೆ, ಮುಚ್ಚಳದ ಅಂಚಿನಿಂದ ಗಾಳಿ ನಿಧಾನಕ್ಕೆ ಒಳಗೆ ನುಸುಳುತ್ತದೆ.

ಇದೇ ಲೆಕ್ಕ ಇನ್ನೊಂದು ವಿಷಯಕ್ಕೂ ಉಪಯೋಗ. ಗಂಟೆಗೆ 60ರ ವೇಗದಲ್ಲಿ ನಿಮಿಷಕ್ಕೆ 33 ಎಂಎಲ್ ಸಾಕು, ಏರಿನಲ್ಲಿ ಅದರ ದುಪ್ಪಟ್ಟು ಅಂತ ಇಟ್ಟುಕೊಳ್ಳಿ. ಕಾಕ್‌ನಿಂದ ಬರುತ್ತಿದ್ದದ್ದು ನಿಮಿಷಕ್ಕೆ 250. ಅಂದರೆ ಕಾಕ್ ಬದಲಿಸಬೇಕು, ದೊಡ್ಡ ಪೈಪ್ ಹಾಕಬೇಕು ಅನ್ನುವ ಸಲಹೆಗಳೆಲ್ಲ ದುಡ್ಡು ದಂಡ. ಧಾರೆ ಜೋರಾಗಿ ಕಾಣಬೇಕು ಅಂತೇನಿಲ್ಲ, ಮುಚ್ಚಳ ಹಾಕಿದಾಗಲೂ ಕೊನೆವರೆಗೂ ಒಂದೇ ಸಮ ಬರಬೇಕು, ಅಷ್ಟೇ.

ಇನ್ನು ಮಳೆ ಮತ್ತು ಬಿಸಿಲು. ಎಂಜಿನ್ ಶಾಖಕ್ಕೆ, ಮೋಡದ ನಡುವಿನ ಬಿಸಿಲಿಗೆ ಟ್ಯಾಂಕ್ ಬೆಚ್ಚಗಾಗಿರುತ್ತದೆ. ಅದರ ಮೇಲೆ ಒಮ್ಮೆಲೇ ಮಳೆ ಸುರಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಆವಿ ಮತ್ತೆ ಪೆಟ್ರೋಲ್ ಆಗುತ್ತದೆ, ಒತ್ತಡ ಇಳಿಯುತ್ತದೆ. ತೂತು ಸರಿ ಇದ್ದರೆ ಹೊರಗಿನ ಗಾಳಿ ಒಳಗೆ ಹೋಗಿ ಸರಿಪಡಿಸುತ್ತಿತ್ತು. ಇಲ್ಲಿ ತೂತೇ ಮುಚ್ಚಿದೆ, ಅದರ ಮೇಲೆ ಮುಚ್ಚಳದ ಸುತ್ತ ನಿಂತ ಮಳೆನೀರು ಅಂಚಿನ ಸಣ್ಣ ಸಂದನ್ನೂ ಮುಚ್ಚುತ್ತದೆ. ಹಾಗಾಗಿ ಮಳೆ ಬಂದ ಕೂಡಲೇ ಗಾಡಿ ನಿಲ್ಲುತ್ತದೆ, ನೋಡಿದವರು ಕರೆಂಟ್ ಅಂತ ಹೇಳುತ್ತಾರೆ. ಬಿಸಿಲಲ್ಲಿ ನಿಲ್ಲಿಸಿದಾಗ ಇದರ ಉಲ್ಟಾ. ಒಳಗೆ ಆವಿ ಹೆಚ್ಚಿ ಒತ್ತಡ ಏರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಫ್ಲೋಟ್ ಪಿನ್ ತಡೆಯಬೇಕಾದದ್ದು ಒಂದಡಿ ಪೆಟ್ರೋಲ್ ಭಾರವನ್ನು, ಈ ಒತ್ತಡವನ್ನು ಅಲ್ಲ. ಅದು ಸೋಲುತ್ತದೆ, ಕಾಕ್ ತೆರೆದೇ ಇದ್ದರೆ ಕಾರ್ಬುರೇಟರ್ ತುಂಬಿ ಸೋರುತ್ತದೆ. ಪಿನ್ ಎಷ್ಟು ಹೊಸದಾದರೂ ಇದು ನಿಲ್ಲುವುದಿಲ್ಲ.

ಮುಚ್ಚಳ ಬಿಚ್ಚಿ ನೋಡಿದಾಗ ಕಾರಣ ಕೈಗೇ ಸಿಕ್ಕಿತು. ಒಳಗಿನ ವಾಶರ್ ಹಳೇ ಟ್ಯೂಬಿನಿಂದ ಕತ್ತರಿಸಿದ್ದು. ಹಿಂದಿನ ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಹೋಗಿತ್ತಂತೆ, ಆಗ ಯಾರೋ ಒಳ್ಳೆ ಮನಸ್ಸಿನಿಂದಲೇ ಹಾಕಿಕೊಟ್ಟದ್ದು. ಆದರೆ ಟ್ಯೂಬಿನ ರಬ್ಬರ್ ಪೆಟ್ರೋಲ್ ಕುಡಿದು ಊದುತ್ತದೆ. ಇದು ತನ್ನ ಜಾಗಕ್ಕಿಂತ ದೊಡ್ಡದಾಗಿ, ಅಂಚೆಲ್ಲ ಅಲೆಅಲೆಯಾಗಿ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಜಾರುವಷ್ಟು ಹಾಳಾಗಿತ್ತು. ನಡುವಿನ ತೂತನ್ನು ಕತ್ತರಿಸುವಾಗ ಸಣ್ಣದಾಗಿ ಕತ್ತರಿಸಿದ್ದರಿಂದ ಗಾಳಿ ತೂತಿನ ಕೆಳಗೂ ರಬ್ಬರ್ ಬಂದಿತ್ತು, ಸರಿಯಾಗಿ ಆ ಜಾಗದಲ್ಲಿ ಒಂದು ಸಣ್ಣ ಗುಳ್ಳೆ ಎದ್ದು ತೂತಿನೊಳಗೆ ಕೂತಿತ್ತು. ವಾಶರ್ ಬಿಡಿಸಿ ಎತ್ತಿದಾಗ ಆ ಗುಳ್ಳೆಯ ತುದಿಯಲ್ಲಿ ತುಕ್ಕಿನ ಗುರುತು, ತೂತಿನಷ್ಟೇ ಅಗಲ.

ತೂತಿನೊಳಗೂ ತುಕ್ಕು ಕೂತಿತ್ತು. ಸಮುದ್ರ ಹತ್ತಿರ ಇರುವವರಿಗೆ ಇದು ಹೊಸತಲ್ಲ. ಸಣ್ಣ ತಂತಿಯಲ್ಲಿ ಬಿಡಿಸಿ, ಸೈಕಲ್ ಪಂಪಿನಿಂದ ಗಾಳಿ ಬಿಟ್ಟು ಎರಡೂ ಕಡೆ ಹೋಗುತ್ತದೆಯಾ ಅಂತ ನೋಡಿದೆವು. ಮುಚ್ಚಳದ ಗಾಳಿದಾರಿ ಸಾಮಾನ್ಯವಾಗಿ ನೇರ ಇರುವುದಿಲ್ಲ. ಒಳತಗಡಿನಲ್ಲಿ ಒಂದು ತೂತು, ಹೊರಗೆ ಬೇರೆ ಕಡೆ ಇನ್ನೊಂದು. ಒಂದನ್ನು ಮಾತ್ರ ಚುಚ್ಚಿ ಆಯಿತು ಅಂದುಕೊಳ್ಳಬಾರದು. ಹೊಸ ವಾಶರ್‌ಗೆ ಪೆಟ್ರೋಲ್ ತಡೆಯುವ ನೈಟ್ರೈಲ್ ರಬ್ಬರ್ ಹಾಳೆ ತಂದು, ತೂತಿಗೆ ಅಡ್ಡ ಬಾರದ ಹಾಗೆ ನಡುವನ್ನು ದೊಡ್ಡದಾಗಿ ಕತ್ತರಿಸಿ ಹಾಕಿದೆವು. ಮಳೆನೀರಿನ ಭಯಕ್ಕೆ ಮಾಸ್ಟ್ರಿಗೆ ಬೇರೆ ಉಪಾಯ ಹೇಳಿದೆ, ಗಾಡಿ ನಿಂತಿರುವಾಗ ಟ್ಯಾಂಕಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ, ಹೊರಡುವಾಗ ತೆಗೆದುಬಿಡಿ. ಮುಚ್ಚಳಕ್ಕೆ ಎಂ-ಸೀಲ್ ಮೆತ್ತುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ.

ಮುಚ್ಚಳ ಹಾಕಿಯೇ ಬಾಟಲಿ ಪರೀಕ್ಷೆ ಮತ್ತೊಮ್ಮೆ. ಈಗ ಧಾರೆ ಕೊನೆವರೆಗೂ ಒಂದೇ ಸಮ.

ಆದರೆ ಗಾಡಿ ಪೂರ್ತಿ ಸರಿಯಾಗಲಿಲ್ಲ. ಸಮ ರಸ್ತೆಯಲ್ಲಿ ಚೆನ್ನಾಗಿ ಓಡಿದ್ದು ಮಣಿಪಾಲದ ಏರಿನಲ್ಲಿ ಎಕ್ಸಲರೇಟರ್ ಪೂರ್ತಿ ಕೊಟ್ಟಾಗ ಸೋಲುತ್ತಿತ್ತು. ಈ ಸಲ ಟಿಕ್ಲರ್ ಒತ್ತಿದರೆ ಪೆಟ್ರೋಲ್ ಬರುತ್ತಿತ್ತು, ಅಂದರೆ ಈಗ ಕಾರ್ಬುರೇಟರ್ ತೆರೆಯುವ ಸಮಯ. ಸೋರುವುದಕ್ಕೆ ಮದ್ದು ಅಂತ ಇಳಿಸಿದ್ದ ಫ್ಲೋಟ್ ಮಟ್ಟ ನೆನಪಿದೆಯಲ್ಲ? ಚೇಂಬರಿನ ಒಳಗೋಡೆಯಲ್ಲಿ ಒಂದು ಕಂದು ಗೆರೆ ಇತ್ತು. ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲ್‌ನಲ್ಲಿ ಆಯಿಲ್ ಬೆರೆತಿರುತ್ತದೆ, ಪೆಟ್ರೋಲ್ ಆರಿ ಹೋದಾಗಲೆಲ್ಲ ಆಯಿಲ್ ಅಂಟಾಗಿ ಉಳಿಯುತ್ತದೆ, ಎಷ್ಟೋ ವರ್ಷ ಪೆಟ್ರೋಲ್ ನಿಂತ ಮಟ್ಟ ಅಲ್ಲಿ ಬರೆದಿಟ್ಟ ಹಾಗೆ ಕಾಣುತ್ತದೆ. ಈಗಿನ ಮಟ್ಟ ಆ ಗೆರೆಗಿಂತ ಸ್ಪಷ್ಟವಾಗಿ ಕೆಳಗಿತ್ತು. ಮಟ್ಟ ಇಳಿದರೆ ಜೆಟ್ಟಿನಿಂದ ಪೆಟ್ರೋಲ್ ಎತ್ತಲು ಎಂಜಿನ್ ಹೆಚ್ಚು ಎಳೆಯಬೇಕು, ಮಿಶ್ರಣ ತೆಳುವಾಗುತ್ತದೆ. ಮಟ್ಟವನ್ನು ವಾಪಸ್ ಆ ಗೆರೆಗೆ ತಂದೆವು. ಕಾರ್ಬುರೇಟರ್ ಕ್ಲೀನ್ ಮಾಡಲು ಕೂತಾಗ ಎಲ್ಲ ಮೊದಲು ಉಜ್ಜಿ ತೊಳೆದುಬಿಡುತ್ತಾರೆ. ಅದಕ್ಕೂ ಮುಂಚೆ ಈ ಗೆರೆಯ ಒಂದು ಫೋಟೋ ತೆಗೆದಿಡಿ.

ಚೇಂಬರಿನ ತಳದಲ್ಲಿ ಬಿಳಿ ಪುಡಿಯೂ ಸ್ವಲ್ಪ ಲೋಳೆಯೂ ಇತ್ತು. ಅದು ನೀರಿನ ಕೆಲಸ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಜಾಸ್ತಿಯಾದರೆ ನೀರೂ ಎಥೆನಾಲೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ಕೆಳಗೆ ಕೂರುತ್ತವೆ. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು ನಮ್ಮದು, ಮೂರು ತಿಂಗಳು ನಿಲ್ಲಿಸಿಟ್ಟ ಗಾಡಿಗೆ ಬೇರೆ ವಿರೋಧಿ ಬೇಡ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲ್ಲಾಡಿಸದೆ ಇಟ್ಟರೆ ಕೆಳಗೆ ಬೇರೆ ಪದರ ಕಾಣುತ್ತದಾ ಅಂತ ಗೊತ್ತಾಗುತ್ತದೆ. ಇಲ್ಲಿ ತೆಳುವಾಗಿ ಕಂಡಿತು. ಟ್ಯಾಂಕ್ ಖಾಲಿ ಮಾಡಿ, ಕಾಕ್ ಜಾಲರಿ ತೊಳೆದು, ಹೊಸ ಪೆಟ್ರೋಲ್ ಹಾಕಿಸಿದೆವು. ಮೈನ್ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಾಗ ತೂತು ದುಂಡಗೆ ಸ್ವಚ್ಛ ಇತ್ತು, ಅದಕ್ಕೆ ಏನೂ ಮಾಡಲಿಲ್ಲ. ಜೆಟ್ಟಿಗೆ ಉಕ್ಕಿನ ತಂತಿ, ಸೂಜಿ ಹಾಕಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಆ ಜೆಟ್ ಯಾವ ಲೆಕ್ಕಕ್ಕೂ ಇಲ್ಲ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. "ನಿಂತ್ರೆ ಹತ್ತು ನಿಮಿಷ ಕಾದ್ರಾಯ್ತು" ಅಂತ ಮಾಸ್ಟ್ರು ಇಡೀ ಮಳೆಗಾಲ ಹೀಗೇ ಓಡಿಸಿದ್ದರು. ಫೋರ್ ಸ್ಟ್ರೋಕ್ ಗಾಡಿಯಾದರೆ ಅದು ಬರೀ ಕಿರಿಕಿರಿ. ಇಂಥ ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ನಿಗೆ ಆಯಿಲ್ ಹೋಗುವುದೇ ಪೆಟ್ರೋಲ್ ಜೊತೆ. ಮಾಸ್ಟ್ರು ಲೀಟರಿಗೆ 40 ಎಂಎಲ್ ಟೂಟಿ (ಟೂ ಸ್ಟ್ರೋಕ್‌ನ) ಆಯಿಲ್ ಸರಿಯಾಗಿಯೇ ಬೆರೆಸುತ್ತಾರೆ, ಆದರೆ ಪೆಟ್ರೋಲ್ ಕಟ್ಟಿದಾಗ ಆಯಿಲೂ ಕಟ್ಟುತ್ತದೆ, ಅದೇ ಹೊತ್ತಿಗೆ ತೆಳು ಮಿಶ್ರಣದಿಂದ ಎಂಜಿನ್ ಬಿಸಿಯೂ ಏರುತ್ತದೆ. ಪಿಸ್ಟನ್ ಹಿಡಿಯುವುದಕ್ಕೆ, ಅಂದರೆ ಸಿಲಿಂಡರಿನಲ್ಲೇ ಸಿಕ್ಕಿಕೊಳ್ಳುವುದಕ್ಕೆ, ಇನ್ನೇನು ಬೇಕು? ಓಡುವಾಗಲೇ ಹಿಡಿದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ, ಹೆದ್ದಾರಿ 66ರಲ್ಲಿ ಹಿಂದೆ ಟ್ಯಾಂಕರ್ ಇದ್ದರೆ ಏನಾಗಬಹುದು ಅಂತ ಹೇಳಬೇಕಾಗಿಲ್ಲ. ಎಂಜಿನ್ ಸುಮ್ನೆ ಮೇಲಕ್ಕೆ ಕೂಗಿದ ಹಾಗೆ ಅನಿಸಿದ ಕೂಡಲೇ ಕ್ಲಚ್ ಹಿಡಿದು, ಎಕ್ಸಲರೇಟರ್ ಬಿಟ್ಟು, ಬದಿಗೆ ಬನ್ನಿ. ಇನ್ನೊಂದು ಕಿಲೋಮೀಟರ್ ತಳ್ಳಿಬಿಡೋಣ ಅಂತ ಎಳೆಯಬೇಡಿ. ಪುಣ್ಯಕ್ಕೆ ಮಾಸ್ಟ್ರ ಎಂಜಿನ್‌ಗೆ ಏನೂ ಆಗಿರಲಿಲ್ಲ, ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ದಾರಿಯಿಂದ ಟಾರ್ಚ್ ಹಾಕಿ ನೋಡಿದಾಗ ಪಿಸ್ಟನ್ ಮೇಲೆ ಉದ್ದ ಗೀರು ಕಾಣಲಿಲ್ಲ.

ಆಮೇಲೆ ಫುಲ್ ಟ್ಯಾಂಕ್ ಹಾಕಿಸಿ, ಒಳ್ಳೆ ಮಳೆ ಹಿಡಿದ ದಿನವೇ ಕಟಪಾಡಿಯಿಂದ ಉಡುಪಿಗೆ, ಅಲ್ಲಿಂದ ಮಣಿಪಾಲದ ಏರು ಹತ್ತಿ ವಾಪಸ್. ಎಲ್ಲೂ ನಿಲ್ಲಲಿಲ್ಲ. ಮಳೆ ಬಿಟ್ಟ ಮೇಲೆ ಬಿಸಿಲಲ್ಲಿ ಮಧ್ಯಾಹ್ನ ಕಾಕ್ ತೆರೆದೇ ನಿಲ್ಲಿಸಿ ನೋಡಿದೆವು, ಕಾರ್ಬುರೇಟರ್ ಕೆಳಗೆ ಇಟ್ಟ ಪೇಪರ್ ಒಣಗಿಯೇ ಇತ್ತು. ಬಿಚ್ಚಿದ್ದ ಹಳೇ ಎಚ್‌ಟಿ ಕಾಯಿಲ್ ಚೆನ್ನಾಗಿಯೇ ಇತ್ತು, ಅದನ್ನು ಸ್ಪೇರ್ ಅಂತ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾರೆ.

ಉಳಿದದ್ದು ಕಾಕ್‌ನ ಒಳಗಿನ ಕಾರ್ಕ್ ಒಂದೇ. ತಿರುಗಿಸುವಾಗ ಸ್ವಲ್ಪ ಒಸರುತ್ತದೆ, ಅದಕ್ಕೆ ಹೊಸದು ಬೇಕು. ಮೈಸೂರು ಕಡೆ ಹೇಳಿಟ್ಟಿದ್ದೇವೆ. ಬರುವ ತನಕ ಮಾಸ್ಟ್ರು ಗಾಡಿ ನಿಲ್ಲಿಸಿದಾಗಲೆಲ್ಲ ಕಾಕ್ ಬಂದ್ ಮಾಡುತ್ತಿದ್ದಾರೆ, ಕಾರ್ಕ್ ಬಂದ ಮೇಲೂ ಹಾಗೇ ಮಾಡಿ ಅಂತ ಹೇಳಿದ್ದೇನೆ.